ಟೆಲಿಫೋನ್ ತಂತಿಯ ಮೇಲೆ ಒಂಬತ್ತು ಕಂಠ

ಒಬ್ಬರೇ ಕೂತು ಹಾಡಿದರೆ ಅದು ಬರೀ ಹಾಡು. ಒಂಬತ್ತು ಮಂದಿ ಕೂಡಿ ಹಾಡಲು ನಿಂತರೆ ಹಾಡಿನ ಸಂಗಡ ಇನ್ನೂ ಏನಾದರೊಂದು ನಡೆದೇ ತೀರುತ್ತದೆ. ಹಾವೇರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಷ್ಟು ದಿನ ನಾನು ಅಂಥದ್ದೊಂದು ತಂಡದಲ್ಲಿ ಹಾಡಿದೆ. ಹಾಡುಗಳ ಸಾಲುಗಳು ಈಗ ಅಲ್ಲೊಂದು ಇಲ್ಲೊಂದು ಮರೆತುಹೋಗಿವೆ. ಅವುಗಳ ಸುತ್ತ ನಡೆದದ್ದು ಮಾತ್ರ ಒಂದೂ ಮರೆತಿಲ್ಲ.

೧. ಹಲೋ ಅಂದದ್ದೇ ತಪ್ಪಾಯಿತು

ಎಂಬತ್ತರ ದಶಕ. ಆಗಿನ್ನೂ ಹಾವೇರಿ ತಾಲೂಕು ಊರು. ಮನೆಯಲ್ಲಿ ಯಾರಾದರೂ ಫೋನ್ ಎತ್ತಿದರೆ ನಮ್ಮೆದುರಿನ ಬೋರ್ಡಿನಲ್ಲಿ ಅವರ ನಂಬರಿನ ಮೇಲೆ ಸಣ್ಣ ಮುಚ್ಚಳ ಬೀಳುತ್ತಿತ್ತು. ನಾವು ಹಲೋ ಅಂದು, ಯಾರು ಬೇಕೆಂದು ಕೇಳಿ, ವೈರಿನ ತುದಿಯನ್ನು ಆ ನಂಬರಿನ ತೂತಿಗೆ ಚುಚ್ಚಿ ಮಾತಿಗೆ ಹಚ್ಚುತ್ತಿದ್ದೆವು.

ಅಂಥ ಕಾಲದಲ್ಲಿ ಧಾರವಾಡದಿಂದ ಒಬ್ಬ ಸುಪರ್‌ವೈಸರ್ ಮೇಡಂ ವರ್ಗವಾಗಿ ಬಂದರು. ನಮ್ಮ ಕಡೆಯ ರೂಢಿಯಂತೆ ಅವರು ನಮಗೆಲ್ಲ ಬಾಯಿಯವರು. ತೆಳ್ಳಗಿನ ದೇಹ, ದಪ್ಪ ಕನ್ನಡಕ, ಎಂದೂ ಏರದ ದನಿ. ಬಂದ ಎರಡು ದಿನ ನಮ್ಮ ಹಿಂದೆ ಕುರ್ಚಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತರು. ನಮ್ಮ ತಪ್ಪು ಹಿಡಿಯುತ್ತಿದ್ದಾರೆ ಅಂದುಕೊಂಡೆವು. ಮೂರನೆಯ ದಿನ ನಮ್ಮಲ್ಲಿ ಐವರನ್ನು ಕರೆದರು. ಮೆಮೊ ಕೊಡುತ್ತಾರೆ ಅಂತಲೇ ಹೋದೆವು.

"ನೀವು ಐದೂ ಮಂದಿ ನಾಳಿಂದ ಅರ್ಧ ತಾಸು ಮೊದಲ ಬರ್ರಿ. ಹಾಡೂದೈತಿ" ಅಂದರು.

ನಾನು ಹೆದರುತ್ತಲೇ ಹೇಳಿದೆ. "ಬಾಯಾರ, ನಾ ಜೋಗುಳಾನೂ ಹಾಡಿದಾಕಿ ಅಲ್ರಿ. ನನ್ನ ಮಗ ರೇಡಿಯೋ ಕೇಳಿ ಮಲಗ್ತಾನ್ರಿ."

"ಎರಡು ದಿನದಿಂದ ನಿನ್ನ ಹಲೋ ಕೇಳಾಕತ್ತೇನಿ. ಮುಂಜಾನಿ ಯಾ ಶ್ರುತಿಯೊಳಗ ಹಲೋ ಅಂತೀಯೋ ಸಂಜೀತನಕಾ ಅದ ಶ್ರುತಿ. ನಿನ್ನೆ ಒಬ್ಬಾಂವ ಬಾಯಿಗೆ ಬಂದಂಗ ಬೈದ. ಆವಾಗೂ ನಿನ್ನ ಶ್ರುತಿ ತಪ್ಪಲಿಲ್ಲ. ಅದು ಬಂದ್ಮ್ಯಾಲೆ ಹಾಡಿನೊಳಗ ಇನ್ನೇನೂ ಭಾಳ ಉಳಿಯೂದಿಲ್ಲ."

ಹುಟ್ಟಿದಾಗಿನಿಂದ ನನ್ನ ದನಿಯನ್ನು ಅಷ್ಟು ಗಮನವಿಟ್ಟು ಕೇಳಿದವರು ಅವರೊಬ್ಬರೇ. ಮನೆಗೆ ಹೋಗಿ ಯಜಮಾನರಿಗೆ ಎಲ್ಲವನ್ನೂ ಒಂದಕ್ಷರ ಬಿಡದೆ ಹೇಳಿದೆ. ಅವರು ಚಹಾ ಕುಡಿಯುತ್ತ ಪೂರಾ ಕೇಳಿಸಿಕೊಂಡರು.

"ಅಲ್ಲೇ, ಬೈದವರಿಗೂ ಶ್ರುತಿ ಬಿಡದಂಗ ಮಾತಾಡ್ತೀ ಅಂತಾತು. ಅದನ್ನ ಸ್ವಲ್ಪ ಮನೀಗೂ ತಗೊಂಡು ಬಾರಲಾ" ಅಂದರು.

೨. ಕೇಳುವ ಸದಸ್ಯರು

ತಂಡಕ್ಕೆ ನಮ್ಮ ಲೈನ್‌ಮನ್ ಚಾಚಾನೂ ಸೇರಿದರು. ಐವತ್ತು ದಾಟಿದ ಮನುಷ್ಯ. ಮನೆಯಲ್ಲಿ ಉರ್ದು, ಹೊರಗೆ ನಮಗಿಂತ ಚಲೋ ಕನ್ನಡ. ಗಂಟಲು ತೆರೆದರೆ ಕಿಟಕಿಯ ಗಾಜು ಗುಂಯ್ ಅನ್ನುತ್ತಿತ್ತು. ಹೆಂಗಸರು ಐವರು ಮೇಲಿನ ದನಿ, ಚಾಚಾ ಕೆಳಗಿನ ದನಿ. ನಡೆಯುತ್ತಿತ್ತು.

ತೊಡಕು ಬಂದದ್ದು ನಮ್ಮ ಸಾಹೇಬರಿಂದ. ಅವರು ಎಕ್ಸ್‌ಚೇಂಜಿಗೇ ದೊಡ್ಡವರು, ಒಳ್ಳೆಯವರು. ಒಂದು ದಿನ ಒಳಗೆ ಬಂದು, "ನಾನೂ ಹಾಡ್ತೇನಿ, ಕಾಲೇಜಿನ್ಯಾಗ ಹಾಡ್ತಿದ್ದೆ" ಅಂದರು. ಅಧಿಕಾರಿಗೆ ಬೇಡ ಅನ್ನುವವರು ಯಾರು? ಅವರು ಒಂದು ಸಾಲು ಹಾಡಿದರು. ಹಾಡು ಮೇಲೆ ಹೋದಾಗ ಅವರು ಕೆಳಗೆ ಬಂದರು, ಕೆಳಗೆ ಬಂದಾಗ ಅವರು ಹೊರಗೇ ಹೋಗಿಬಿಟ್ಟರು. ನಾವೆಲ್ಲ ನೆಲ ನೋಡುತ್ತ ನಿಂತೆವು.

ಬಾಯಿಯವರ ಮುಖ ಒಂದಿಷ್ಟೂ ಬದಲಾಗಲಿಲ್ಲ. "ಸಾಹೇಬ್ರ, ಒಂದು ಮಾತು. ಇಲ್ಲಿ ಹಾಡೋರು ಸಾಕಷ್ಟು ಮಂದಿ ಆಗ್ಯಾರ. ನಮ್ಮ ತಂಡದಾಗ ಚೆಂದಾಗಿ ಕೇಳೋರು ಒಬ್ಬರೂ ಇಲ್ಲ. ಆ ಕೆಲಸ ಭಾಳ ಕಠಿಣ. ಅದನ್ನ ನೀವು ವಹಿಸ್ಕೊಂಡ್ರ ನಮಗ ದೊಡ್ಡ ಉಪಕಾರ ಆಗತೈತಿ."

ಸಾಹೇಬರು ಇದನ್ನು ಖರೇ ಅಂತಲೇ ತಗೊಂಡರು. ಅಂದಿನಿಂದ ದಿನಾ ನಮ್ಮೆದುರು ಕುರ್ಚಿ ಹಾಕಿಕೊಂಡು ಕೂತು ಕೇಳಿದರು. ಮೊದಮೊದಲು ನಮಗೆ ನಗು ಬರುತ್ತಿತ್ತು. ಆರು ತಿಂಗಳಾಗುವಷ್ಟರಲ್ಲಿ ಯಾರು ಎಲ್ಲಿ ಉಸಿರು ಕದ್ದರು ಅನ್ನುವುದನ್ನೂ ಅವರು ಹಿಡಿದು ಹೇಳತೊಡಗಿದರು. ಬಾಯಿಯವರೇ ಎಷ್ಟೋ ಸಲ, "ಸಾಹೇಬ್ರ, ಹ್ಯಾಂಗಾತು?" ಅಂತ ಅವರ ಕಡೆ ತಿರುಗುತ್ತಿದ್ದರು. ನಮ್ಮ ಹಾಡು ಒಂದು ಹದಕ್ಕೆ ಬಂದದ್ದರಲ್ಲಿ ಆ ಕುರ್ಚಿಯ ಪಾಲು ದೊಡ್ಡದು.

ಅವರು ವರ್ಗವಾಗಿ ಹೋಗುವಾಗ ಬೀಳ್ಕೊಡುಗೆ ಸಭೆಯಲ್ಲಿ ಎದ್ದು ನಿಂತು ಗಂಭೀರವಾಗಿ ಹೇಳಿದರು. "ನಾನು ಈ ತಂಡದಾಗ ಒಂಬತ್ತು ವರ್ಷ ಕೇಳೀನಿ. ಒಂದು ದಿನಾನೂ ಅಪಸ್ವರ ಕೇಳಿಲ್ಲ. ಮೊದಲನೇ ದಿನ ಬಿಟ್ಟು."

೩. ಬೊಂಬಾಯಿ ಸ್ವಲ್ಪ ನಿಂದ್ರಲಿ

ರಾಣೆಬೆನ್ನೂರು ಮತ್ತು ಬ್ಯಾಡಗಿಯ ಲೈನುಗಳನ್ನು ದಿನಾ ಮುಂಜಾನೆ ಮಾತಾಡಿ ಪರೀಕ್ಷೆ ಮಾಡಬೇಕಿತ್ತು. ನಾವು ಇಲ್ಲಿಂದ "ಕೇಳತೈತೇನ್ರಿ?" ಅನ್ನುವುದು, ಅವರು ಅಲ್ಲಿಂದ "ಕೇಳತೈತ್ರಿ" ಅನ್ನುವುದು. ಬಾಯಿಯವರಿಗೆ ಅದು ಹಾಳು ಹೊತ್ತು ಅನ್ನಿಸಿತು. ಸಾಹೇಬರನ್ನು ಕೇಳಿದರು. ಸಾಹೇಬರು ನಿಯಮದ ಪುಸ್ತಕ ತೆಗೆದು ನೋಡಿ, "ದನಿ ಕೇಳತೈತೋ ಇಲ್ಲೋ ನೋಡಬೇಕು ಅಂತ ಐತಿ. ಹಾಡಿನ ದನಿ ನಡಿಯಂಗಿಲ್ಲ ಅಂತ ಎಲ್ಲೂ ಇಲ್ಲ" ಅಂದರು.

ಹೀಗೆ ರಾಣೆಬೆನ್ನೂರಿನ ಇಬ್ಬರು ಆಪರೇಟರ್ ಅಕ್ಕಂದಿರು ಮತ್ತು ಬ್ಯಾಡಗಿಯ ಒಬ್ಬ ಆಪರೇಟರು ತಂತಿಯ ಮೇಲೆಯೇ ತಂಡ ಸೇರಿದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೂರೂರಿನವರು ಕೂಡಿ ಹಾಡುವುದು. ನಮ್ಮ ಕಿವಿಯೊಳಗೇ ಬಂದು ಯಾರೋ ಹಾಡಿದಂತಾಗಿ ಮೈ ಜುಮ್ಮೆನ್ನುತ್ತಿತ್ತು. ಆ ಸುಖ ಆಮೇಲೆ ಎಷ್ಟು ದೊಡ್ಡ ಸಭೆಯಲ್ಲಿ ಹಾಡಿದರೂ ನನಗೆ ಸಿಕ್ಕಿಲ್ಲ.

ಒಂದು ಮುಂಜಾನೆ ಹಾಡು ನಡೆದಿತ್ತು. ಬ್ಯಾಡಗಿಯ ಮೆಣಸಿನಕಾಯಿ ದಲಾಲರೊಬ್ಬರು ಹಿಂದಿನ ದಿನವೇ ಮುಂಬೈಗೆ ಕಾಲ್ ಬುಕ್ ಮಾಡಿದ್ದರು. ಲಗೂ ಕೊಡ್ರಿ, ರೇಟು ಇಳಿಯುತ್ತದೆ ಅಂತ ಆರು ಸಲ ತಗಾದೆ ಮಾಡಿದ್ದರು. ಅವರನ್ನು ಲೈನಿನ ಮೇಲೆ ಹಿಡಿದು ಕೂರಿಸಿದ್ದಾಗ ನಮ್ಮ ಹಾಡು ಅವರ ಕಿವಿಗೂ ಬಿದ್ದಿದೆ. ಅಷ್ಟರಲ್ಲಿ ಮುಂಬೈ ಸಿಕ್ಕಿತು. ನಾನು ಹಾಡು ಬಿಟ್ಟು ಅವರಿಗೆ ಹೇಳಿದೆ.

"ಸಾವಕಾರ್ರ, ನಿಮ್ಮ ಬೊಂಬಾಯಿ ಬಂತ್ರಿ. ಮಾತಾಡ್ರಿ."

"ತಂಗಿ, ಬೊಂಬಾಯಿಗೆ ಸ್ವಲ್ಪ ನಿಂದ್ರಾಕ ಹೇಳ್ರಿ. ಈ ಚರಣ ಒಂದು ಮುಗೀಲಿ."

ಒಂದು ವಾರ ಆದ ಮೇಲೆ ಅದೇ ಸಾವಕಾರರಿಂದ ಲಿಖಿತ ದೂರು ಬಂತು. ಸಾಹೇಬರು ಎಲ್ಲರೆದುರು ಓದಿದರು. "ಎರಡನೇ ಚರಣದಲ್ಲಿ ಹೆಣ್ಣುಮಕ್ಕಳ ದನಿ ಸಣ್ಣಗೆ ಕೇಳುತ್ತದೆ. ಇದು ಲೈನಿನ ದೋಷವೋ ಹಾಡಿನ ದೋಷವೋ ಪರಿಶೀಲಿಸಬೇಕಾಗಿ ವಿನಂತಿ."

ದೂರು ಬಂದ ಮೇಲೆ ಉತ್ತರ ಬರೆಯಲೇಬೇಕು. ನಾವು ನಾಲ್ಕು ದಿನ ಎರಡನೇ ಚರಣ ತಿದ್ದಿದೆವು. ಐದನೇ ದಿನ ಸಾಹೇಬರು ಸಹಿ ಹಾಕಿ ಕಳಿಸಿದರು. "ಪರಿಶೀಲಿಸಲಾಗಿ, ಲೈನು ಸರಿಯಾಗಿದೆ. ಹಾಡನ್ನು ದುರಸ್ತಿ ಮಾಡಲಾಗಿದೆ."

೪. ಒಂದೇ ಬೆಂಚಿನ ಮೇಲೆ

ವರ್ಷವಿಡೀ ದನಿಯಿಂದಲೇ ಪರಿಚಯವಿದ್ದ ಬ್ಯಾಡಗಿಯ ಆಪರೇಟರನ್ನು ಮೊದಲ ಸಲ ಕಣ್ಣಾರೆ ನೋಡುವ ದಿನ ಬಂತು. ರಾಣೆಬೆನ್ನೂರಿನಲ್ಲಿ ನಮ್ಮ ಮೊದಲ ಕಾರ್ಯಕ್ರಮ ಗೊತ್ತಾಗಿತ್ತು, ಅದಕ್ಕೆ ಮುಂಚೆ ಹಾವೇರಿಯಲ್ಲಿ ಒಂದು ಕೂಡು ತಾಲೀಮು. ಅವರನ್ನು ಬಸ್ ಸ್ಟ್ಯಾಂಡಿನಿಂದ ಕರೆತರುವ ಕೆಲಸ ನನಗೆ ಬಂತು.

ಅವರದು ಬಾವಿಯ ತಳದಿಂದ ಬಂದಂಥ ದನಿ. ಆರು ಅಡಿ ಎತ್ತರ, ಗಿರಿಜಾ ಮೀಸೆ ಅಂತ ನಾನು ಮನಸ್ಸಿನಲ್ಲೇ ಚಿತ್ರ ಬರೆದುಕೊಂಡಿದ್ದೆ. ಯಾವಾಗಲೂ "ಸರ್" ಅಂತಲೇ ಮಾತಾಡಿಸುತ್ತಿದ್ದೆ. ಅವರು ನನಗೆ "ಅವ್ವಾರ" ಅನ್ನುತ್ತಿದ್ದರು. ಗೌರವಕ್ಕೆ ಅನ್ನುತ್ತಾರೆ ಅಂದುಕೊಂಡಿದ್ದೆ.

ಬ್ಯಾಡಗಿಯ ಬಸ್ಸು ಬಂತು, ಹೋಯಿತು. ಮೀಸೆಯವರು ಯಾರೂ ಇಳಿಯಲಿಲ್ಲ. ಬೆಂಚಿನ ಮೇಲೆ ಕೂತೆ. ಆ ತುದಿಯಲ್ಲಿ ಒಬ್ಬ ಕಡ್ಡಿಯಂಥ ಮನುಷ್ಯ, ಮಡಿಲಲ್ಲಿ ಚೀಲ ಇಟ್ಟುಕೊಂಡು, ಬರುವ ಹೋಗುವ ಮುದುಕಿಯರ ಮುಖವನ್ನೆಲ್ಲ ನೋಡುತ್ತ ಕೂತಿದ್ದರು. ನಮ್ಮ ನಡುವೆ ಒಂದು ಮಾರು ಜಾಗ. ಹಾಗೇ ಮುಕ್ಕಾಲು ತಾಸು ಕೂತೆವು. ಕೊನೆಗೆ ಆ ಮನುಷ್ಯ ಬೇಸತ್ತು ಎದ್ದು, ಎದುರಿನ ಅಂಗಡಿಗೆ ಹೋಗಿ ಫೋನ್ ಎತ್ತಿದರು.

"ನಮಸ್ಕಾರ್ರಿ. ಬ್ಯಾಡಗಿ ಮಾತಾಡೂದು. ನಿಮ್ಮ ಅವ್ವಾರು ಇನ್ನೂ ಬಂದಿಲ್ಲಲ್ರಿ."

ಬಾವಿಯ ತಳದ ಆ ದನಿ ಕೇಳಿ ನಾನು ಕೂತಲ್ಲಿಂದ ಎದ್ದುಬಿಟ್ಟೆ. "ಸರ್, ನೀವಾ?" ಅಂದೆ. ಅವರು ಫೋನ್ ಹಿಡಿದುಕೊಂಡೇ ತಿರುಗಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನನಗೆ ಆಗ ಇಪ್ಪತ್ತಾರು.

"ಅವ್ವಾರ, ನೀವು ಇಷ್ಟು ಸಣ್ಣೋರಾ? ನಿಮ್ಮ ಸಲುವಾಗಿ ನಮ್ಮ ಅವ್ವನ ಕಡಿಂದ ಮಂಡಿನೋವಿನ ಎಣ್ಣಿ ಮಾಡಿಸ್ಕೊಂಡು ಬಂದೇನ್ರಿ."

ನಾನು ಯಾವ ದಿನ ಮಂಡಿನೋವು ಅಂದಿದ್ದೆನೋ ದೇವರಿಗೇ ಗೊತ್ತು. ಎಣ್ಣೆ ಮಾತ್ರ ಬಹಳ ಒಳ್ಳೆಯದಿತ್ತು. ನಮ್ಮ ಅತ್ತೆಯವರು ಇವತ್ತಿಗೂ ಅವರನ್ನು ನೆನೆಯುತ್ತಾರೆ.

ತಾಲೀಮಿನಲ್ಲಿ ಬೇರೆಯೇ ಪೇಚು ಕಾದಿತ್ತು. ತಂತಿಯ ಮೇಲೆ ಅಷ್ಟು ಚೆಂದ ಹಾಡುತ್ತಿದ್ದ ನಾವು ಎದುರುಬದುರು ನಿಂತಾಗ ಹಾಡಲಾರದೆ ಹೋದೆವು. ಒಬ್ಬರ ಮುಖ ಒಬ್ಬರು ನೋಡಿದರೆ ನಾಚಿಕೆ. ಕಿವಿಯಲ್ಲಿ ಹೆಡ್‌ಫೋನ್ ಇಲ್ಲದೆ ಏನೋ ಕಳೆದುಕೊಂಡಂತೆ. ಬಾಯಿಯವರು ಐದು ನಿಮಿಷ ನೋಡಿ, ಗೋದಾಮಿನಿಂದ ಕೆಟ್ಟುಹೋದ ಹೆಡ್‌ಫೋನುಗಳನ್ನು ತರಿಸಿ ಎಲ್ಲರ ತಲೆಗೂ ಒಂದೊಂದು ಹಾಕಿಸಿದರು. ಎರಡನೇ ಸಾಲಿಗೇ ಹಾಡು ಕೂಡಿತು. ರಾಣೆಬೆನ್ನೂರಿನ ವೇದಿಕೆಯನ್ನೂ ಹಾಗೇ ಹತ್ತಿದೆವು, ವೈರಿನ ತುದಿಗಳನ್ನು ಸೊಂಟಕ್ಕೆ ಸಿಗಿಸಿಕೊಂಡು. ಜನ ಉಸಿರು ಬಿಗಿಹಿಡಿದು ಕೇಳಿದರು.

ಮುಗಿದ ಮೇಲೆ ಮುಖ್ಯ ಅತಿಥಿಗಳು ನನ್ನ ಹೆಡ್‌ಫೋನನ್ನು ಇಸಿದುಕೊಂಡು ಕಿವಿಗೆ ಹಚ್ಚಿ ನೋಡಿದರು. ಬಹಳ ಹೊತ್ತು ಕೇಳಿ, ತಲೆ ತೂಗಿ, ವಾಪಸ್ ಕೊಟ್ಟರು.

"ಅಗದೀ ಸ್ವಚ್ಛ ಕೇಳತೈತಿ" ಅಂದರು.

೫. ತಾಳಕ್ಕೆ ಸೀನು

ಬ್ಯಾಡಗಿಯ ವರ್ತಕರು ಕರೆದರು ಅಂತ ಹೋದೆವು. ಸುಗ್ಗಿಯ ಕಾಲ. ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಕೆಂಪು ರಾಶಿಗಳ ನಡುವೆ ಹಲಗೆ ಹಾಕಿ ವೇದಿಕೆ ಮಾಡಿದ್ದರು. ಹಾಡು ಶುರುವಾದ ಎರಡನೇ ಸಾಲಿಗೆ ಚಾಚಾ ಸೀನಿದರು. ಮೂರನೇ ಸಾಲಿಗೆ ರಾಣೆಬೆನ್ನೂರಿನ ಅಕ್ಕಂದಿರು. ಆಮೇಲೆ ಎಲ್ಲರೂ. ಹುಟ್ಟಿದಾಗಿನಿಂದ ಆ ಘಾಟಿನಲ್ಲೇ ಬೆಳೆದ ಬ್ಯಾಡಗಿಯ ಆಪರೇಟರ್ ಒಬ್ಬರೇ ಏನೂ ಆಗದವರಂತೆ ಹಾಡುತ್ತಿದ್ದರು.

ನಾವು ನಿಲ್ಲಿಸಿಬಿಡೋಣ ಅಂತ ಬಾಯಿಯವರ ಕಡೆ ನೋಡಿದೆವು. ಅವರ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ತಾಳ ಹಾಕುವ ಕೈ ಮಾತ್ರ ನಿಂತಿರಲಿಲ್ಲ. ಮೆಲ್ಲಗೆ ಹೇಳಿದರು. "ತಡ್ಕೋಬ್ಯಾಡ್ರಿ. ಆದ್ರ ಸೀನೂದನ್ನ ತಾಳಕ್ಕ ಸೀನ್ರಿ."

ಪ್ರಯತ್ನಪಟ್ಟೆವು. ಮೂರು ಮಾತ್ರೆ ಹಾಡು, ನಾಲ್ಕನೇ ಮಾತ್ರೆಗೆ ಸೀನು. ನಂಬುತ್ತೀರೋ ಇಲ್ಲವೋ, ಹಾಡು ಕಡೆಯವರೆಗೂ ಕೆಡಲಿಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಕೆಲಸ ಬಿಟ್ಟು ಬಂದು ಚಪ್ಪಾಳೆ ತಟ್ಟಿದರು. ಅವರಲ್ಲೊಬ್ಬ ಹಿರಿಯಾಕೆ ಬಾಯಿಯವರ ಕೈ ಹಿಡಿದುಕೊಂಡು ಹೇಳಿದಳು.

"ಯವ್ವಾ, ಹಾಡು ನಮಗೇನು ಹೊಸಾದಲ್ಲ. ಆದ್ರ ಇಷ್ಟು ಮಂದಿ ಇಷ್ಟು ಶಿಸ್ತಿಲೆ ಸೀನಿದ್ದನ್ನ ನಾ ಎಲ್ಲೂ ಕಂಡಿಲ್ಲ."

೬. ಒಂದು ನಿಮಿಷ ಅಂದರೆ

ಬಾಯಿಯವರು ನಿವೃತ್ತರಾಗುವ ವರ್ಷ ಹಾವೇರಿಯಲ್ಲಿಯೇ ನೌಕರರ ಹಾಡಿನ ಸ್ಪರ್ಧೆ ನಡೆಯಿತು. ಹತ್ತಾರು ಕಚೇರಿಗಳ ತಂಡಗಳು. ಬಾಯಿಯವರು ತುಂಗಭದ್ರೆಯ ಮೇಲೆ ತಾವೇ ಒಂದು ಹಾಡು ಕಟ್ಟಿದ್ದರು. ಅದರ ಕೊನೆಯ ಸಾಲನ್ನು ಚಾಚಾ ಒಬ್ಬರೇ ಹಾಡಬೇಕು. ಬೇರೆ ಯಾರು ಹಾಡಿದರೂ ಆ ಸಾಲು ಕಳೆಗಟ್ಟುತ್ತಿರಲಿಲ್ಲ. ಬಾಯಿಯವರು ಬಾಯಿಬಿಟ್ಟು ಹೇಳದಿದ್ದರೂ ಇದೊಂದು ಹಾಡು ಅವರಿಗೆ ಎಷ್ಟು ಮುಖ್ಯ ಅಂತ ನಮಗೆ ಗೊತ್ತಿತ್ತು.

ಸ್ಪರ್ಧೆಯ ಮುಂಜಾನೆ ಗುತ್ತಲದ ಹತ್ತಿರ ಲಾರಿಯೊಂದು ಕಂಬಕ್ಕೆ ಗುದ್ದಿ ಲೈನು ಹೋಯಿತು. ಚಾಚಾ ಹೋಗಲೇಬೇಕು, ಹೋದರು. ರಾಣೆಬೆನ್ನೂರಿನಲ್ಲಿ ಬದಲಿ ಆಪರೇಟರಿಗೆ ಜ್ವರ, ಅಕ್ಕಂದಿರಿಬ್ಬರೂ ಬೋರ್ಡು ಬಿಟ್ಟು ಬರುವಂತಿಲ್ಲ. ಒಂಬತ್ತರಲ್ಲಿ ಮೂವರಿಲ್ಲ. ನಾವು ಅಳುವುದೊಂದೇ ಬಾಕಿ.

ಬಾಯಿಯವರು ಸಭಾಂಗಣದ ಆಫೀಸಿನಿಂದ ಫೋನನ್ನು ಉದ್ದ ವೈರಿನ ಸಮೇತ ವೇದಿಕೆಗೆ ತರಿಸಿದರು. ಮೈಕಿನೆದುರು ರಿಸೀವರ್ ಇಟ್ಟರು. ಎಕ್ಸ್‌ಚೇಂಜಿನಲ್ಲಿ ಸಾಹೇಬರೇ ಕೂತು ಗುತ್ತಲ, ರಾಣೆಬೆನ್ನೂರು, ಸಭಾಂಗಣ ಮೂರನ್ನೂ ಒಂದಕ್ಕೊಂದು ಹಚ್ಚಿದರು. ಗುತ್ತಲದ ಲೈನು ಅಷ್ಟೊತ್ತಿಗೆ ಕೂಡಿತ್ತು, ಚಾಚಾ ಕಂಬದ ಮೇಲೆಯೇ ಕೂತು ಲೈನು ಪರೀಕ್ಷಿಸುವ ತಮ್ಮ ಕೈಫೋನನ್ನು ತಂತಿಗೆ ಸಿಗಿಸಿಕೊಂಡಿದ್ದರು. ತೀರ್ಪುಗಾರರಲ್ಲಿ ಹಿರಿಯರಾದ ಸಂಗೀತದ ಮಾಸ್ತರರೊಬ್ಬರು ಯೋಚಿಸಿ, "ದನಿ ವೇದಿಕೀ ಮ್ಯಾಲೆ ಇದ್ರ ಆತು" ಅಂದರು.

ಹಾಡು ಶುರುವಾಯಿತು. ಅಂಥ ಹಾಡು ನಾವು ಮತ್ತೆ ಹಾಡಲಿಲ್ಲ. ಸಭೆ ಕಲ್ಲಿನಂತೆ ಕೂತಿತ್ತು. ಹಾಡಿನ ನಡುವೆ ಒಂದು ಕಡೆ ಎಲ್ಲರೂ ದನಿ ಇಳಿಸಿ ಒಂದು ಗಳಿಗೆ ಸುಮ್ಮನಾಗಬೇಕಿತ್ತು. ಸುಮ್ಮನಾದೆವು. ಆ ಮೌನದೊಳಗೆ ರಿಸೀವರಿನಿಂದ ರಾಣೆಬೆನ್ನೂರಿನ ಹಿರಿಯ ಅಕ್ಕನ ದನಿ ಮೈಕಿನಲ್ಲಿ ಸ್ವಚ್ಛವಾಗಿ ಬಂತು.

"ಮೂರು ನಿಮಿಷ ಆತ್ರಿ. ಮುಂದುವರಸ್ತೀರೇನ್ರಿ?"

ಹೊರ ಊರಿನ ಕಾಲ್‌ಗಳಿಗೆ ಮೂರು ನಿಮಿಷಕ್ಕೊಮ್ಮೆ ಹೀಗೆ ಕೇಳುವುದು ಆಪರೇಟರಿನ ಕರ್ತವ್ಯ. ಹದಿನೈದು ವರ್ಷದ ರೂಢಿ. ಗಡಿಯಾರ ನೋಡಿದ್ದಾರೆ, ನಾಲಿಗೆ ತಾನೇ ಅಂದುಬಿಟ್ಟಿದೆ. ಬಾಯಿಯವರ ಕೈ ಗಾಳಿಯಲ್ಲೇ ನಿಂತಿತು. ಆಗ ಮಾಸ್ತರರು ಮೆಲ್ಲಗೆ ಮುಂದೆ ಬಾಗಿ, ವೇದಿಕೆಯ ಫೋನಿನ ಕಡೆ ನೋಡಿ ಹೇಳಿದರು.

"ಮುಂದುವರಸ್ರಿ ತಾಯಿ. ಶ್ರುತಿಯೊಳಗ ಕೇಳೀರಿ."

ಸಭೆಯೆಲ್ಲ ನಕ್ಕು ಚಪ್ಪಾಳೆ ತಟ್ಟಿತು. ಬಾಯಿಯವರ ಕೈ ಇಳಿಯಿತು, ಹಾಡು ಸರಿಯಾಗಿ ತಾಳಕ್ಕೆ ಎದ್ದಿತು. ಕೊನೆಗೆ ಕಂಬದ ಮೇಲಿನ ಗಾಳಿಯ ಸದ್ದಿನೊಂದಿಗೆ ಚಾಚಾನ ದನಿ ಬಂತು. ನದಿಯ ಈ ದಂಡೆಯಲ್ಲಿ ನಿಂತು ಆ ದಂಡೆಯವರನ್ನು ಕರೆದಂತೆ. ಬಾಯಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಮೊದಲ ಬಹುಮಾನ ನಮಗೇ ಬಂತು.

ಸಂಜೆ ಚಾಚಾ ಗುತ್ತಲದ ಬಸ್ಸಿನಿಂದ ಇಳಿದಾಗ ಎಲ್ಲರೂ ಹೋಗಿ ಮುತ್ತಿಕೊಂಡೆವು. ಅವರು ಬಹುಮಾನದ ಸುದ್ದಿ ಕೇಳಿ ಸಂತೋಷಪಟ್ಟರು. ಆದರೆ ಮುಖದಲ್ಲಿ ಏನೋ ಸಂಕೋಚ. "ಬಾಯಾರ, ಅಲ್ಲಿ ಬ್ಯಾರೇನ ನಡೀತ್ರಿ" ಅಂದರು.

ಕಂಬದ ಕೆಳಗಿದ್ದವರಿಗೆ ನಮ್ಮ ಹಾಡು ಎಲ್ಲಿ ಕೇಳಬೇಕು? ಅವರಿಗೆ ಕಂಡದ್ದು ಇಷ್ಟೇ. ಒಬ್ಬ ವಯಸ್ಸಾದ ಮನುಷ್ಯ ಕಂಬದ ತುದಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಾನೆ. ಕಣ್ಣಿಂದ ನೀರು ಇಳಿಯುತ್ತಿದೆ. ನಡುನಡುವೆ ದೊಡ್ಡ ದನಿ ತೆಗೆದು ಹೊಳೆಯನ್ನು ಕರೆಯುತ್ತಾನೆ, ಮತ್ತೆ ಸುಮ್ಮನಾಗುತ್ತಾನೆ. ದಾರಿಯಲ್ಲಿ ಮಜ್ಜಿಗೆ ಮಾರುತ್ತಿದ್ದ ಒಬ್ಬ ಮುದುಕಿ ಗಾಬರಿಯಾಗಿ, "ಯಪ್ಪಾ, ಮನ್ಯಾಗ ಏನರ ಅಂದ್ರೇನು? ಇಳಿದು ಬಾ, ಕುಂತು ಮಾತಾಡೂಣು" ಅಂತ ಕೂಗಿದ್ದಾಳೆ. ಇವರು ಬಾಯಿ ತೆಗೆದು ಉತ್ತರ ಕೊಟ್ಟರೆ ಇಲ್ಲಿ ಸಭೆಗೆ ಕೇಳುತ್ತದೆ. ಅದಕ್ಕೆ ಒಂದು ನಿಮಿಷ ತಡಿ ಅಂತ ಒಂದು ಬೆರಳು ಎತ್ತಿ ತೋರಿಸಿದ್ದಾರೆ. ಮುದುಕಿ ಬೆರಳು ಹೋದ ದಿಕ್ಕು ನೋಡಿದ್ದಾಳೆ.

"ಮ್ಯಾಲೆ ಹೊಂಟೇನಿ ಅಂತಾನ್ರಪ್ಪೋ, ಲಗೂ ಬರ್ರಿ" ಅಂತ ಊರು ಸೇರಿಸಿದ್ದಾಳೆ.

ಚಾಚಾ ಕೊನೆಯ ಸಾಲು ಮುಗಿಸಿ ಖುಷಿಯಿಂದ ಇಳಿದರೆ ನಾಲ್ಕು ಮಂದಿ ಗಟ್ಟಿಯಾಗಿ ಹಿಡಿದುಕೊಂಡರಂತೆ. ಸ್ಪರ್ಧೆ, ಫೋನು, ಹಾವೇರಿ ಅಂತ ಎಲ್ಲ ಬಿಡಿಸಿ ಹೇಳಿದರು. ಮುದುಕಿ ಅವರ ಬೆನ್ನು ಸವರುತ್ತ, "ಹೌದಪ್ಪ, ಹೌದು. ಹಾಡಿನ ಸ್ಪರ್ಧೆ, ಕಂಬದ ಮ್ಯಾಲೆ. ಮೊದಲ ಈ ಮಜ್ಜಿಗಿ ಕುಡಿ" ಅಂದಳಂತೆ. ಮನೆ ಎಲ್ಲಿ ಅಂತ ಕೇಳಿ ತಿಳಿದುಕೊಂಡೇ ಬಿಟ್ಟಳು.

ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಮುಂದಿನ ವಾರ ಆ ಮುದುಕಿ ಹಾವೇರಿಗೆ ಬಂದವಳು ಕೇಳಿಕೊಂಡು ಕೇಳಿಕೊಂಡು ಚಾಚಾನ ಮನೆ ಹುಡುಕಿ ಹೋಗಿದ್ದಾಳೆ. ಚಾಚಿಯನ್ನು ಎದುರು ಕೂರಿಸಿಕೊಂಡು ತಿಳಿಹೇಳಿದ್ದಾಳೆ.

"ನೋಡವಾ, ಸಂಸಾರ ಅಂದ್ಮ್ಯಾಲೆ ಮಾತು ಬರತಾವು ಹೋಗತಾವು. ಆದ್ರ ಇಷ್ಟು ಚೆಂದ ಹಾಡೂ ಗಂಡಸನ್ನ ಕಂಬ ಹತ್ತಿಸೂಮಟಾ ನೀ ಬಿಡಬಾರದು."

ಚಾಚಿ ಮುದುಕಿಯ ಕೈಗೆ ಚಹಾದ ಕಪ್ಪು ಕೊಟ್ಟು ಸಮಾಧಾನದಿಂದ ಹೇಳಿದರಂತೆ. "ಅವ್ವಾ, ನಾ ಒಂದು ದಿನಾನೂ ಹತ್ತಿಸಿಲ್ಲ. ಇಪ್ಪತ್ತು ವರ್ಷದಿಂದ ಸರ್ಕಾರ ಹತ್ತಿಸಾಕತ್ತೈತಿ. ನಾ ಉಣ್ಣಾಕ ಕರದು ಇಳಿಸ್ಕೊಳ್ಳಾಕಿ ಅಷ್ಟ."